ಮನೆ ಕಂದಾಯದಲ್ಲಿ ಕಸದ ದುಡ್ಡು, ನೀರಿನ ಬಿಲ್ ಏರಿಕೆ, ಇ-ಖಾತಾ: ಯಾವುದಕ್ಕೆ ಯಾರನ್ನ ಕೇಳಬೇಕು?

ಕೆಳಮನೆ (ಏಪ್ರಿಲ್ 2025)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ಅಮ್ಮನ ಹೆಸರಲ್ಲಿ ಒಂದು ಮನೆ ಇದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಎರಡೂ ಸೇರಿ 1,400 ಚದರಡಿ. ಏಪ್ರಿಲ್ ಒಳಗೆ ವರ್ಷದ ಕಂದಾಯ ಪೂರ್ತಿ ಕಟ್ಟಿದರೆ 5% ಬಿಡುತ್ತಾರೆ ಅಂತ ಪ್ರತಿ ವರ್ಷ ಈ ತಿಂಗಳಲ್ಲೇ ಮುಗಿಸಿಬಿಡುತ್ತೇವೆ. ಈ ಸಲ ಪಾಲಿಕೆ ವೆಬ್‌ಸೈಟ್ ತೆರೆದರೆ ತೆರಿಗೆ ಹೋದ ವರ್ಷದ ಹಾಗೇ ಇದೆ. ಅದರ ಜೊತೆಗೆ ಕಸದ ಬಳಕೆದಾರರ ಶುಲ್ಕ ಅಂತ 1,200 ರೂಪಾಯಿ ಸೇರಿಕೊಂಡಿದೆ.

ಕಸದ ಸೆಸ್ ಮೊದಲಿಂದಲೂ ಇತ್ತಲ್ಲ? ಈಗ ಇದು ಬೇರೆಯಾ? ಮೇಲಿನ ಮನೆಯವರ ಹತ್ತಿರ ಅರ್ಧ ಕೇಳಬಹುದಾ? ಅಮ್ಮನ ಪ್ರಶ್ನೆ ಇನ್ನೊಂದು ಇದೆ: "ಗ್ರಂಥಾಲಯದ ಸೆಸ್ ಅಂತ ತಗೋತಾರಲ್ಲ, ನಮ್ಮ ಏರಿಯಾದ ಗ್ರಂಥಾಲಯ ಎಲ್ಲಿದೆ?"

ಪಿಂಚಣಿ ಅಂಕಲ್

ಹೌದು, ಇದು ಬೇರೆಯೇ. 2025-26ರಿಂದ ಮನೆ ಮನೆಯಿಂದ ಕಸ ತೆಗೆಯುವುದಕ್ಕೆ ಬಳಕೆದಾರರ ಶುಲ್ಕ ಹಾಕಿದ್ದಾರೆ. ಹಳೆಯ ಸೆಸ್ ಇದರ ಮುಂದೆ ಚಿಕ್ಕದು. ಹೊಸದನ್ನು ಕಟ್ಟಡದ ಅಳತೆ ನೋಡಿ ಹಾಕುತ್ತಾರೆ. ವಾಸದ ಮನೆಗಳಿಗೆ ತಿಂಗಳ ದರ ಹೀಗಿದೆ: 600 ಚದರಡಿವರೆಗೆ 10 ರೂ., 1,000ವರೆಗೆ 50, 2,000ವರೆಗೆ 100, 3,000ವರೆಗೆ 150, 4,000ವರೆಗೆ 200, ಅದಕ್ಕಿಂತ ದೊಡ್ಡದಾದರೆ 400. ನಿಮ್ಮದು 1,400 ಚದರಡಿ ಅಂದರೆ ತಿಂಗಳಿಗೆ 100, ವರ್ಷಕ್ಕೆ 1,200. ಲೆಕ್ಕ ಸರಿಯಾಗೇ ಇದೆ.

ದರದಲ್ಲಿ ಒಂದು ಸಿಕ್ಕು ಇದೆ ನೋಡಿ. 600 ಚದರಡಿ ಮನೆಗೆ ವರ್ಷಕ್ಕೆ 120. ಅದೇ 610 ಚದರಡಿ ಆದರೆ 600. ಹತ್ತು ಚದರಡಿಗೆ ಐದು ಪಟ್ಟು! ಹಾಗಾಗಿ ಎಸ್‌ಎಎಸ್ ಫಾರಂನಲ್ಲಿ (ತೆರಿಗೆಗೆ ನಾವೇ ಲೆಕ್ಕ ಹಾಕಿ ಕೊಡುವ ಘೋಷಣೆ) ನಿಮ್ಮ ಅಳತೆ ಏನು ಬರೆದಿದೆ ಅಂತ ಒಂದು ಸಲ ನೋಡಿಕೊಳ್ಳಿ. 2008ರಲ್ಲಿ ಯಾರೋ ಅಂದಾಜಿನ ಮೇಲೆ ಬರೆದದ್ದೇ ಇವತ್ತಿಗೂ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ.

ಅಮ್ಮನ ಪ್ರಶ್ನೆಗೆ: ತೆರಿಗೆಯ ಮೇಲೆ ಆರೋಗ್ಯ ಸೆಸ್ 15%, ಗ್ರಂಥಾಲಯ ಸೆಸ್ 6%, ಭಿಕ್ಷುಕರ ಸೆಸ್ 3%. ಈ ಮೂರೇ 24% ಆಯಿತು. ಇವು ಪಾಲಿಕೆಯ ದುಡ್ಡಲ್ಲ. ಪಾಲಿಕೆ ವಸೂಲಿ ಮಾಡಿ ಆಯಾ ಇಲಾಖೆಗೆ ಕೊಡಬೇಕು. ಭಿಕ್ಷುಕರ ಸೆಸ್ ಮಾಗಡಿ ರಸ್ತೆ ಸುಮನಹಳ್ಳಿಯ ನಿರಾಶ್ರಿತರ ಪರಿಹಾರ ಕೇಂದ್ರದಂಥ ಕಡೆಗೆ ಹೋಗಬೇಕಾದ ದುಡ್ಡು. ಕೊಡುತ್ತಾರಾ ಅಂತ ಕೇಳಬೇಡಿ. ಗ್ರಂಥಾಲಯ ಸೆಸ್ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಯಲ್ಲಿ ಎಷ್ಟು ಸಲ ಬಂದಿದೆಯೋ!

ಬೇಜಾರ್ ಬಸವನಗುಡಿ

ಶುಲ್ಕ ಕಟ್ಟೋಣ ಸ್ವಾಮಿ, ಬೇಡ ಅಂದವರು ಯಾರು? ಆದರೆ ನಮ್ಮ ರಸ್ತೆಗೆ ಕಸದ ಆಟೋ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಹಸಿ ಕಸ ಮಾತ್ರ ತಗೋತಾರೆ, ಒಣ ಕಸ ಕೊಟ್ಟರೆ "ನಾಳೆ" ಅಂತಾರೆ. ಮೇಲಿಂದ ತಿಂಗಳಿಗೆ ಇಪ್ಪತ್ತೋ ಮೂವತ್ತೋ ಕೈಗೆ ಕೊಡಿ ಅಂತ ಬೇರೆ. ಶುಲ್ಕ ಕಟ್ಟಿದ ಮೇಲೂ ಇದು ನಡೆದರೆ ಏನು ಮಾಡಬೇಕು?

ತಿಪ್ಪಸಂದ್ರ ಟೀಚರ್

ಕೈಗೆ ಕೊಡಬೇಕು ಅಂತ ಯಾವ ನಿಯಮವೂ ಇಲ್ಲ. ಹಬ್ಬಕ್ಕೆ ನೀವಾಗಿ ಕೊಟ್ಟರೆ ಅದು ಬೇರೆ ಮಾತು. ಆಟೋ ಬಂದಿಲ್ಲ ಅಂದರೆ ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿ ಸುಮ್ನೆ ಕೂತರೆ ಅದು ದೂರು ಅಂತ ಎಲ್ಲೂ ದಾಖಲಾಗುವುದಿಲ್ಲ. ನಮ್ಮ ರಸ್ತೆಯಲ್ಲಿ ಬೇರೆ ಬೇರೆ ಮನೆಯವರು ಒಂದೇ ವಾರ 1533ಕ್ಕೆ ದೂರು ಕೊಟ್ಟ ಮೇಲೆ ಆಟೋ ಸಮಯಕ್ಕೆ ಬರಲು ಶುರುವಾಯಿತು. ಒಬ್ಬರೇ ಹತ್ತು ಸಲ ಮಾಡುವುದಕ್ಕಿಂತ ಹತ್ತು ಮನೆಯವರು ಒಂದೊಂದು ಸಲ ಮಾಡುವುದು ಕೆಲಸ ಮಾಡುತ್ತದೆ.

ಇನ್ನೊಂದು. ಕಸ ತಗೊಂಡು ಹೋಗುವವರ ಮೇಲೆ ಕೂಗಾಡಬೇಡಿ. ಆ ರಸ್ತೆಗೆ ಎಷ್ಟು ಗಾಡಿ, ಎಷ್ಟು ಜನ ಅಂತ ತೀರ್ಮಾನ ಮಾಡುವವರು ಅವರಲ್ಲ.

ಒಂದು ಬಿಎಚ್‌ಕೆ ಹುಡುಗಿ

ಬಾಡಿಗೆ ಕಡೆಯವರ ಮಾತೂ ಕೇಳಿ. ನಮ್ಮ ಓನರ್ ಆಂಟಿ ಈ ತಿಂಗಳಿಂದ "ಕಸಕ್ಕೆ 100 ಜಾಸ್ತಿ ಕೊಡಮ್ಮಾ" ಅಂದರು. ಆ ಬಿಲ್ಡಿಂಗ್‌ನಲ್ಲಿ ಆರು ಮನೆ ಇದೆ. ಎಲ್ಲರ ಹತ್ತಿರವೂ 100 ಕೇಳಿದ್ದಾರೆ. ಅಲ್ಲಿಗೆ ತಿಂಗಳಿಗೆ 600. ಮೇಲೆ ಅಂಕಲ್ ಹೇಳಿದ ಪಟ್ಟಿಯಲ್ಲಿ ಎಷ್ಟು ದೊಡ್ಡ ಮನೆ ಆದರೂ 400 ದಾಟುವುದಿಲ್ಲ. ಉಳಿದದ್ದು ಎಲ್ಲಿ ಹೋಗುತ್ತೆ?

ಪಿಂಚಣಿ ಅಂಕಲ್

@ಒಂದು ಬಿಎಚ್‌ಕೆ ಹುಡುಗಿ ನಿಮ್ಮ ಲೆಕ್ಕ ಚುರುಕಾಗಿದೆಯಮ್ಮ. ಪಾಲಿಕೆಯ ಮಟ್ಟಿಗೆ ಬೇಡಿಕೆ ಆಸ್ತಿಯ ಮೇಲೆ ಇದೆ, ಅಂದರೆ ಮಾಲೀಕರ ಮೇಲೆ. ಅವರು ಬಾಡಿಗೆದಾರರಿಂದ ಹಂಚಿ ತಗೊಳ್ಳುವುದು ಅವರವರ ಕರಾರಿಗೆ ಬಿಟ್ಟದ್ದು. ಕರಾರು ಪತ್ರದಲ್ಲಿ ನಿರ್ವಹಣೆ ವೆಚ್ಚದ ಬಗ್ಗೆ ಏನು ಬರೆದಿದೆ ನೋಡಿ. ಬರೆದಿಲ್ಲದಿದ್ದರೆ, ತೆರಿಗೆ ರಸೀದಿಯಲ್ಲಿ ಕಸದ ಶುಲ್ಕ ಎಷ್ಟಿದೆಯೋ ಅದನ್ನು ಆರು ಭಾಗ ಮಾಡಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. "ಆಂಟಿ, ರಸೀದಿ ಒಂದು ಸಲ ತೋರಿಸ್ತೀರಾ?" ಅಂತ ಮೆಲ್ಲಗೆ ಕೇಳಿ ನೋಡಿ.

@ಕೆಳಮನೆ ನಿಮಗೂ ಇದೇ ಉತ್ತರ. ಕೇಳಬಹುದು, ಆದರೆ ರಸೀದಿ ತೋರಿಸಿ ಕೇಳಿ.

ಗೇಟೆಡ್ ಗಿರಾಕಿ

ನಾನು ಬೆಳ್ಳಂದೂರು ಕಡೆ ಒಂದು ಅಪಾರ್ಟ್‌ಮೆಂಟ್‌ನ ಖಜಾಂಚಿ. ನಮ್ಮ ಗೋಳು ಬೇರೆ ರೀತಿಯದು. 2016ರ ಕೇಂದ್ರದ ಘನತ್ಯಾಜ್ಯ ನಿಯಮದ ಪ್ರಕಾರ ದಿನಕ್ಕೆ 100 ಕೆ.ಜಿ.ಗಿಂತ ಜಾಸ್ತಿ ಕಸ ಮಾಡುವವರು ಸಗಟು ಉತ್ಪಾದಕರು. ದೊಡ್ಡ ಅಪಾರ್ಟ್‌ಮೆಂಟ್‌ಗಳೆಲ್ಲ ಅದರಲ್ಲಿ ಬರುತ್ತವೆ. ಪಾಲಿಕೆಯ ಆಟೋ ನಮ್ಮ ಗೇಟಿಗೆ ಬರುವುದೇ ಇಲ್ಲ. ನಾವೇ ಖಾಸಗಿಯವರಿಗೆ ದುಡ್ಡು ಕೊಟ್ಟು ಕಸ ಸಾಗಿಸುತ್ತೇವೆ. ಹಸಿ ಕಸಕ್ಕೆ ಒಳಗೇ ಗೊಬ್ಬರದ ಯಂತ್ರ ಇಟ್ಟಿದ್ದೇವೆ. ಅದರ ಕರೆಂಟು, ಅದನ್ನು ನೋಡಿಕೊಳ್ಳುವವರ ಸಂಬಳ, ಎಲ್ಲಾ ನಮ್ಮದೇ. ಇಷ್ಟೆಲ್ಲ ಮಾಡಿದ ಮೇಲೂ ಒಂದೊಂದು ಫ್ಲಾಟಿನ ತೆರಿಗೆಯಲ್ಲಿ ಬಳಕೆದಾರರ ಶುಲ್ಕ ಬಂದಿದೆ. ಬಳಸದೇ ಇರುವವರು ಬಳಕೆದಾರರು ಹೇಗೆ ಆಗುತ್ತಾರೆ ಸ್ವಾಮಿ?

ಬೇಜಾರ್ ಬಸವನಗುಡಿ

ನಿಮ್ಮ ಈಜುಕೊಳದ ಖರ್ಚಲ್ಲಿ ಇದು ಯಾವ ಲೆಕ್ಕ ಸಾರ್ 😄

ಗೇಟೆಡ್ ಗಿರಾಕಿ

ಎಲ್ಲಾ ಅಪಾರ್ಟ್‌ಮೆಂಟಿಗೂ ಈಜುಕೊಳ ಇಲ್ಲ. ನಮ್ಮಲ್ಲಿ ಇರುವ ಕೊಳ ಮಳೆ ಬಂದಾಗ ಬೇಸ್‌ಮೆಂಟ್‌ನಲ್ಲಿ ನಿಲ್ಲುವುದೊಂದೇ. ನಿವೃತ್ತರು, ಗಂಡ ಹೆಂಡತಿ ಇಬ್ಬರೂ ದುಡಿದು ಇಎಂಐ ಕಟ್ಟುವವರು, ಇಂಥವರೇ ಜಾಸ್ತಿ ಇರುವುದು. ಎರಡು ಸಲ ದುಡ್ಡು ಯಾಕೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ತಿಪ್ಪಸಂದ್ರ ಟೀಚರ್

ಗಿರಾಕಿ ಅವರ ಮಾತಿನಲ್ಲಿ ನ್ಯಾಯ ಇದೆ. ಆದರೆ ಇದು 1533ಕ್ಕೆ ಫೋನ್ ಮಾಡಿ ಬಗೆಹರಿಯುವ ವಿಷಯ ಅಲ್ಲ. ದರ ನಿಗದಿ ಮಾಡಿದ್ದು ವಾರ್ಡ್ ಕಚೇರಿಯವರಲ್ಲ. ಸಂಘದ ಲೆಟರ್‌ಹೆಡ್‌ನಲ್ಲಿ ಕಸದ ಕಂಪನಿಗೆ, ಅಂದರೆ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತಕ್ಕೆ ಬರೆಯಿರಿ. ಖಾಸಗಿಯವರಿಗೆ ಕೊಟ್ಟ ರಸೀದಿ, ಗೊಬ್ಬರದ ಘಟಕದ ಫೋಟೋ ಎರಡನ್ನೂ ಸೇರಿಸಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಮರೆಯಬೇಡಿ. ಈ ವರ್ಷದ ತೆರಿಗೆಯನ್ನು ಮಾತ್ರ ತಡೆಹಿಡಿಯಬೇಡಿ. ಶುಲ್ಕದ ಜಗಳದಲ್ಲಿ ತೆರಿಗೆ ಬಾಕಿ ಆದರೆ ಬಡ್ಡಿ ನಿಮ್ಮ ತಲೆಗೇ ಬರುತ್ತದೆ.

ಕೆಳಮನೆ

ಅಂಕಲ್, ರಸೀದಿ ತೋರಿಸಬಹುದು. ಆದರೆ ಅಲ್ಲಿ ಇನ್ನೊಂದು ತೊಡಕಿದೆ. ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದು ಎರಡು ವರ್ಷದ ಹಿಂದೆ. ಎಸ್‌ಎಎಸ್‌ನಲ್ಲಿ ಇನ್ನೂ ಪೂರ್ತಿ ಸ್ವಂತ ವಾಸ ಅಂತಲೇ ಇದೆ. ಬಾಡಿಗೆಗೆ ಕೊಟ್ಟರೆ ತೆರಿಗೆ ಎರಡು ಪಟ್ಟು ಅಂತಾರಲ್ಲ, ನಿಜವಾ? ಪಕ್ಕದ ಮನೆಯವರು "ಯಾರೂ ಬಂದು ನೋಡಲ್ಲ, ಹಾಗೇ ಬಿಡಿ" ಅಂತಾರೆ.

ಪಿಂಚಣಿ ಅಂಕಲ್

ನಿಜ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಷ್ಟೋ ಜನಕ್ಕೆ ಲೆಕ್ಕವೇ ಗೊತ್ತಿಲ್ಲ.

2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವುದು ಘಟಕ ಪ್ರದೇಶ ಮೌಲ್ಯದ ಪದ್ಧತಿ. ಊರನ್ನು ಎ ಇಂದ ಎಫ್‌ವರೆಗೆ ವಲಯ ಮಾಡಿ, ಒಂದೊಂದು ವಲಯಕ್ಕೆ ಚದರಡಿಗೆ ಇಂತಿಷ್ಟು ಅಂತ ದರ ಇಟ್ಟಿದ್ದಾರೆ. ಅದೇ ವಲಯದಲ್ಲಿ ಸ್ವಂತ ವಾಸಕ್ಕೆ ಒಂದು ದರ, ಬಾಡಿಗೆಗೆ ಅದರ ಎರಡರಷ್ಟು. ಹನ್ನೆರಡು ತಿಂಗಳಲ್ಲ, ಹತ್ತು ತಿಂಗಳ ಲೆಕ್ಕ ಹಿಡಿಯುತ್ತಾರೆ. ಅದರಲ್ಲಿ ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆಯಬೇಕು. ಉಳಿದದ್ದರಲ್ಲಿ ವಾಸದ ಮನೆಗೆ 20% ತೆರಿಗೆ. ಅದರ ಮೇಲೆ ಸೆಸ್.

ಲೆಕ್ಕಕ್ಕೆ ಅನುಕೂಲ ಆಗಲಿ ಅಂತ 1,000 ಚದರಡಿ ಮನೆ, ದರ 2 ರೂಪಾಯಿ, ಸವಕಳಿ 20% ಅಂತ ಇಟ್ಟುಕೊಳ್ಳಿ. 1,000 × 2 × 10 = 20,000. ಸವಕಳಿ ಕಳೆದರೆ 16,000. ಅದರ 20% ಅಂದರೆ 3,200. ಮೇಲೆ ಹೇಳಿದ ಮೂರು ಸೆಸ್ 24% ಸೇರಿದರೆ 3,968. ಅದೇ ಮನೆ ಬಾಡಿಗೆಗೆ ಹೋದರೆ 7,936. ಹೆಚ್ಚಾಗುವುದು ವರ್ಷಕ್ಕೆ 3,968. ಇವತ್ತು ಬೆಂಗಳೂರಿನಲ್ಲಿ ಅಂಥ ಮನೆಯ ಒಂದು ತಿಂಗಳ ಬಾಡಿಗೆ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ. ನಿಮ್ಮದರಲ್ಲಿ ಮೇಲಿನ ಮಹಡಿಯ ಅಳತೆಗೆ ಮಾತ್ರ ಬಾಡಿಗೆ ದರ ಹತ್ತುತ್ತದೆ, ಪೂರ್ತಿ ಮನೆಗಲ್ಲ. ಫಾರಂನಲ್ಲಿ ಎರಡನ್ನೂ ಬೇರೆ ಬೇರೆ ತೋರಿಸಿ.

ಸೈಟ್ ಸಿದ್ದಪ್ಪ

ಅಂಕಲ್ ಹೇಳಿದ್ದು ಪುಸ್ತಕದ ಮಾತು. ನಮ್ಮ ಬೀದಿಯಲ್ಲಿ ನಾಲ್ಕು ಮಹಡಿ ಬಾಡಿಗೆ ಬಿಟ್ಟವರೂ ಸ್ವಂತ ವಾಸ ಅಂತಲೇ ಕಟ್ಟುತ್ತಾರೆ. ಸಾಚಾ ಇರುವವನೇ ಜಾಸ್ತಿ ಕಟ್ಟಬೇಕಾ?

ಪಿಂಚಣಿ ಅಂಕಲ್

@ಸೈಟ್ ಸಿದ್ದಪ್ಪ ವಲಯದ ಗಲಾಟೆ ನೆನಪಿದೆಯಾ? 2016ರಲ್ಲಿ ವಲಯಗಳನ್ನು ಬದಲಾಯಿಸಿದರು. ತುಂಬಾ ಜನ ಹಳೆಯ ವಲಯದಲ್ಲೇ ಕಟ್ಟಿದರು, ಕಂಪ್ಯೂಟರ್ ಕೂಡ ಬೇಡ ಅನ್ನದೆ ತಗೊಂಡಿತು. ವರ್ಷಗಳು ಕಳೆದ ಮೇಲೆ ಸುಮಾರು 78 ಸಾವಿರ ಮನೆಗಳಿಗೆ ವ್ಯತ್ಯಾಸ, ದಂಡ, ಬಡ್ಡಿ ಸೇರಿಸಿ ನೋಟಿಸ್ ಬಂತು. ಅಷ್ಟು ಜನ ಒಟ್ಟಿಗೆ ಕೂಗಾಡಿದ್ದಕ್ಕೆ ಸರ್ಕಾರ ಕಿವಿಗೊಟ್ಟಿತು. 2024ರಲ್ಲಿ ಒಂದೇ ಬಾರಿ ತೀರುವಳಿ ಯೋಜನೆ ತಂದು ನವೆಂಬರ್ 30ರವರೆಗೆ ಕೊಟ್ಟರು. ಬಾಡಿಗೆ ಮನೆ ಮುಚ್ಚಿಟ್ಟವರಿಗೆ ಯಾರು ಕೂಗಾಡುತ್ತಾರೆ? ಈಗ ಇ-ಖಾತಾಗೆ (ಆನ್‌ಲೈನ್‌ನಲ್ಲಿ ಸಿಗುವ ಖಾತಾ) ಬೆಸ್ಕಾಂ ಅಕೌಂಟ್ ನಂಬರ್ ಕೇಳುತ್ತಾರೆ. ಒಂದು ಕಟ್ಟಡಕ್ಕೆ ಐದು ಕರೆಂಟ್ ಮೀಟರ್ ಇದ್ದು ಐದರಲ್ಲೂ ನೀವೇ ವಾಸ ಅಂದರೆ ಯಾರು ನಂಬುತ್ತಾರೆ?

ಕೆಳಮನೆ

ಸರಿ, ಬದಲಾಯಿಸಿಯೇ ಕಟ್ಟುತ್ತೇವೆ. ಅಮ್ಮ "ನಿಮ್ಮಪ್ಪ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದರು" ಅಂದಳು.

ಇನ್ನೊಂದು ಕೇಳಿಬಿಡುತ್ತೇನೆ. ನೀರಿನ ಬಿಲ್ಲೂ ಈ ಸಲ ಜಾಸ್ತಿ ಬಂದಿದೆ. ಅದಕ್ಕೂ 1533 ತಾನೇ?

ತೊಟ್ಟಿ ನೀರು

ಅಲ್ಲ ಅಲ್ಲ. ನೀರು ಪಾಲಿಕೆಯದಲ್ಲ, ಜಲಮಂಡಳಿಯದು. 1964ರಿಂದಲೂ ಅದು ಬೇರೆ ಸಂಸ್ಥೆ. ದೂರಿಗೆ 1916. ಕರೆಂಟಿಗೆ ಬೆಸ್ಕಾಂ 1912. ಈ ಮೂರನ್ನೂ ಫೋನ್‌ನಲ್ಲಿ ಸೇವ್ ಮಾಡಿಟ್ಟುಕೊಳ್ಳಿ, ಅರ್ಧ ಅಲೆದಾಟ ತಪ್ಪುತ್ತದೆ. ರಸ್ತೆ ಮಧ್ಯೆ ಗುಂಡಿ ಬಿದ್ದರೆ ಮಾತ್ರ ದೇವರೇ ಗತಿ. ಪಾಲಿಕೆ "ಅದು ಜಲಮಂಡಳಿ ಅಗೆದದ್ದು" ಅನ್ನುತ್ತದೆ, ಜಲಮಂಡಳಿ "ಮುಚ್ಚಬೇಕಾದವರು ಪಾಲಿಕೆ" ಅನ್ನುತ್ತದೆ.

ದರ ಏರಿದ್ದು ನಿಜ. 2014ರ ನವೆಂಬರ್ ಆದ ಮೇಲೆ ಈಗಲೇ ಏರಿಸಿದ್ದು, ಈ ಏಪ್ರಿಲ್‌ನಿಂದ ಜಾರಿ. ಮನೆಬಳಕೆಯ ಮೊದಲ 8,000 ಲೀಟರ್‌ವರೆಗೆ ಲೀಟರ್‌ಗೆ 0.15 ಪೈಸೆ ಹೆಚ್ಚು. ಅಂದರೆ 8,000 ಲೀಟರ್‌ಗೆ 12 ರೂಪಾಯಿ. ಅದರ ಮೇಲಿನ ಸ್ಲ್ಯಾಬ್‌ಗಳಲ್ಲಿ ಏರಿಕೆ ಜಾಸ್ತಿ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಬೆಟ್ಟ ಹತ್ತಿಸಿದ ಹಾಗೆ ಪಂಪ್ ಆಗಿ ಬರಬೇಕು. ಕರೆಂಟ್ ಖರ್ಚೇ ದೊಡ್ಡದು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಏರಿಸದೇ ಇದ್ದದ್ದೇ ಆಶ್ಚರ್ಯ.

ನಿಮ್ಮದು ಎರಡು ಮನೆಗೆ ಒಂದೇ ಮೀಟರ್ ಇರಬೇಕು, ಅಲ್ವಾ? ಹಾಗಾದರೆ ಎರಡು ಸಂಸಾರದ ನೀರು ಒಂದೇ ಲೆಕ್ಕಕ್ಕೆ ಬಿದ್ದು ಬೇಗ ಮೇಲಿನ ಸ್ಲ್ಯಾಬ್‌ಗೆ ಹೋಗುತ್ತದೆ. ಬಿಲ್ ಜಾಸ್ತಿ ಬರಲು ದರಕ್ಕಿಂತ ಇದೇ ಕಾರಣ ಇರಬಹುದು. ಬಿಲ್ಲಿನಲ್ಲಿ ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಎರಡೂ ನೋಡಿ. ಎರಡು ತಿಂಗಳ ಬಿಲ್ ಪಕ್ಕ ಪಕ್ಕ ಇಟ್ಟರೆ ನೀರು ಜಾಸ್ತಿ ಬಳಸಿದ್ದಾ, ದರ ಜಾಸ್ತಿ ಆಗಿದ್ದಾ ಅಂತ ತಿಳಿಯುತ್ತದೆ. ಮಳೆನೀರು ಕೊಯ್ಲಿನ ದಂಡ ಅಂತ ಸಾಲು ಏನಾದರೂ ಇದೆಯಾ? 60×40ರ ಹಳೆಯ ಮನೆಗಳಿಗೂ, 30×40 ಸೈಟಿನ ಹೊಸ ಮನೆಗಳಿಗೂ ಅದು ಕಡ್ಡಾಯ. ಮಾಡಿಸಿಲ್ಲ ಅಂದರೆ ಬಿಲ್ಲಿನಲ್ಲೇ ದಂಡ ಬರುತ್ತಾ ಇರುತ್ತದೆ, ಎಷ್ಟೋ ಜನ ಗಮನಿಸುವುದೇ ಇಲ್ಲ.

ಮಹದೇವಪುರ ಟ್ಯಾಂಕರ್

ಬೋರ್‌ವೆಲ್ ಇರುವವರೂ ಒಳಚರಂಡಿ ಶುಲ್ಕ ಕಟ್ಟಬೇಕು ಅನ್ನುವುದನ್ನೂ ಸೇರಿಸಿ. ಕಾವೇರಿ ಹನಿ ಬಾರದ ಮನೆಗೂ ಜಲಮಂಡಳಿ ಬಿಲ್ ಬರುತ್ತೆ ಅಂತ ನಮ್ಮ ಕಡೆ ದಿನಾ ಜಗಳ. 2007ರಲ್ಲಿ 110 ಹಳ್ಳಿ ಪಾಲಿಕೆಗೆ ಸೇರಿದವು. ಅವಕ್ಕೆ ಅಂತ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ! ಅಷ್ಟರಲ್ಲಿ ನಾವು ಟ್ಯಾಂಕರ್‌ಗೆ ಸುರಿದ ದುಡ್ಡಿನ ಮುಂದೆ ಕಸದ 1,200 ಏನೇನೂ ಅಲ್ಲ.

ಮೈಸೂರು ಮಲ್ಲಿಗೆ

ನಿಮ್ಮೂರಲ್ಲಿ ಒಂದು ಮನೆಗೆ ಎಷ್ಟು ಕಚೇರಿ ಮಾರಾಯ್ರೆ! ನಮ್ಮಲ್ಲಿ ನೀರೂ ಮಹಾನಗರ ಪಾಲಿಕೆಯದೇ, ವಾಣಿವಿಲಾಸ ವಾಟರ್ ವರ್ಕ್ಸ್. ಬೇರೆ ಊರಿನವರು ಓದುತ್ತಿದ್ದರೆ ಒಂದು ಮಾತು: ರಾಜ್ಯದ ಉಳಿದ ಪಾಲಿಕೆ, ನಗರಸಭೆ, ಪುರಸಭೆಗಳಲ್ಲೂ ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ ಇದೆ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ 2% ದಂಡ. ಕೆಲವು ವರ್ಷ ರಿಯಾಯಿತಿಯ ಅವಧಿ ಮುಂದೂಡುತ್ತಾರೆ. ಬೆಂಗಳೂರಿನಲ್ಲೂ 2024ರಲ್ಲಿ ಜುಲೈ ಕೊನೆವರೆಗೆ ಕೊಟ್ಟಿದ್ದರು. ಆದರೆ ಅದನ್ನು ನಂಬಿಕೊಂಡು ಕೂರಬೇಡಿ.

ಒಂದು ಬಿಎಚ್‌ಕೆ ಹುಡುಗಿ

ಆಂಟಿ ರಸೀದಿ ತೋರಿಸಿದರು. ವರ್ಷಕ್ಕೆ 2,400 ಇದೆ. ಆರು ಮನೆಗೆ ಹಂಚಿದರೆ ತಿಂಗಳಿಗೆ 33 ರೂಪಾಯಿ ಚಿಲ್ಲರೆ. "ಅಯ್ಯೋ, 40 ಕೊಡು ಸಾಕು" ಅಂದರು. ಅಂಕಲ್‌ಗೆ ಥ್ಯಾಂಕ್ಸ್ 🙏

ಸೈಟ್ ಸಿದ್ದಪ್ಪ

ಆ 7 ರೂಪಾಯಿ ಆಂಟಿಯ ಸರ್ವಿಸ್ ಚಾರ್ಜ್.

ನನ್ನದೂ ಒಂದು ಪ್ರಶ್ನೆ. ಇ-ಖಾತಾ ಮಾಡಿಸಲೇಬೇಕಾ? ಮಧ್ಯವರ್ತಿ ಒಬ್ಬ 8,000 ಕೇಳುತ್ತಿದ್ದಾನೆ. "ಇಲ್ಲದಿದ್ದರೆ ಮನೆಯೇ ನಿಮ್ಮದಲ್ಲ ಅಂತಾರೆ" ಅಂತ ಹೆದರಿಸುತ್ತಾನೆ.

ತಿಪ್ಪಸಂದ್ರ ಟೀಚರ್

ಖಾತಾ ಅಂದರೆ ಯಾರ ಹೆಸರಲ್ಲಿ ತೆರಿಗೆ ತಗೊಳ್ಳಬೇಕು ಅನ್ನುವ ಪಾಲಿಕೆಯ ದಾಖಲೆ. ಮನೆ ನಿಮ್ಮದು ಅನ್ನುವುದಕ್ಕೆ ಆಧಾರ ನಿಮ್ಮ ಕ್ರಯಪತ್ರ. ಖಾತಾ ಇಲ್ಲ ಅಂದ ಮಾತ್ರಕ್ಕೆ ಮನೆ ಯಾರದೋ ಆಗುವುದಿಲ್ಲ. ಆದರೆ ಮಾರಬೇಕು, ದಾನಪತ್ರ ಮಾಡಬೇಕು ಅಂದರೆ ನೋಂದಣಿಗೆ 2024ರ ಅಕ್ಟೋಬರ್‌ನಿಂದ ಇ-ಖಾತಾ ಬೇಕೇ ಬೇಕು. ಮನೆ ಮಾರುವ ಯೋಚನೆ ಇಲ್ಲದಿದ್ದರೂ ನಿಧಾನವಾಗಿ ಮಾಡಿಸಿಟ್ಟುಕೊಳ್ಳಿ. ಅವಸರ ಇರುವಾಗ ಹೋದರೇ ಮಧ್ಯವರ್ತಿಗೆ ಹಬ್ಬ.

ಬೇಕಾಗುವುದು ಇಷ್ಟು: ಆಸ್ತಿ ತೆರಿಗೆಯ ಎಸ್‌ಎಎಸ್ ನಂಬರ್, ಕ್ರಯಪತ್ರದ ನೋಂದಣಿ ನಂಬರ್, ಋಣಭಾರ ಪತ್ರ (ಇಸಿ), ಆಧಾರ್ ಇಕೆವೈಸಿ, ಬೆಸ್ಕಾಂ ನಂಬರ್, ಮನೆಯ ಫೋಟೋ. ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟ್‌ನಲ್ಲೇ ತೆಗೆಯಬಹುದು. ಎಲ್ಲಾ ಸರಿ ಇದ್ದರೆ ಮನೆಯಿಂದಲೇ ಆಗುತ್ತದೆ. ಕಂಪ್ಯೂಟರ್ ಅಭ್ಯಾಸ ಇಲ್ಲದವರು ಬೆಂಗಳೂರು ಒನ್ ಕೇಂದ್ರಕ್ಕೆ ಹೋಗಲಿ. ಅಲ್ಲಿಯ ಶುಲ್ಕ ಮಧ್ಯವರ್ತಿ ಕೇಳುವುದರ ಹತ್ತಿರಕ್ಕೂ ಬರುವುದಿಲ್ಲ.

ತೊಂದರೆ ಬರುವುದು ಹೆಸರಿನಲ್ಲಿ. ಕ್ರಯಪತ್ರದಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಮುಂದೆ, ತೆರಿಗೆ ರಸೀದಿಯಲ್ಲಿ ಇನ್ನೊಂದು ಕಾಗುಣಿತ. ಕಂಪ್ಯೂಟರ್‌ಗೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ಅಂಥ ಅರ್ಜಿ ಕಂದಾಯ ಅಧಿಕಾರಿಯ ಕಡೆಗೆ ಹೋಗುತ್ತದೆ, ಅಲ್ಲೇ ತಡ ಆಗುವುದು. ಅರ್ಜಿ ಹಾಕುವ ಮೊದಲೇ ಮೂರನ್ನೂ ಎದುರಿಗಿಟ್ಟುಕೊಂಡು ನೋಡಿ.

ನೆಲಮಂಗಲ ದಾರಿ

ನಮ್ಮದು ಪಂಚಾಯಿತಿ ಏರಿಯಾ. ಇ-ಖಾತಾ ವೆಬ್‌ಸೈಟ್‌ನಲ್ಲಿ ಎಷ್ಟು ಹುಡುಕಿದರೂ ಮನೆ ಸಿಗುತ್ತಿಲ್ಲ.

ಪಿಂಚಣಿ ಅಂಕಲ್

ಸಿಗುವುದಿಲ್ಲ. ನಿಮ್ಮದು ಇ-ಸ್ವತ್ತು, ನಮೂನೆ 9 ಮತ್ತು 11. ಗ್ರಾಮ ಪಂಚಾಯಿತಿಯಲ್ಲೇ ಪಿಡಿಒ ಅವರನ್ನು ಕೇಳಿ.

ಹೊಸ ಅಪ್ಪ

ವಿಷಯ ಸ್ವಲ್ಪ ಬೇರೆ. ಮಗಳು ಹುಟ್ಟಿ ಎರಡು ತಿಂಗಳಾಯಿತು. ಜನನ ಪ್ರಮಾಣಪತ್ರಕ್ಕೆ ಎಲ್ಲಿ, ಎಷ್ಟು ಕಟ್ಟಬೇಕು? ಇನ್ನೂ ಹೆಸರು ಇಟ್ಟಿಲ್ಲ. ಅತ್ತೆ ಕಡೆಯವರು ಒಂದು ಅಂತಾರೆ, ನಮ್ಮಮ್ಮ ಇನ್ನೊಂದು.

ತಿಪ್ಪಸಂದ್ರ ಟೀಚರ್

ಅಭಿನಂದನೆ! ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಅವರೇ ವರದಿ ಮಾಡಿರಬೇಕು. ಮೊದಲು ಅಲ್ಲಿ ವಿಚಾರಿಸಿ. 21 ದಿನದೊಳಗೆ ನೋಂದಣಿ ಆದರೆ ಶುಲ್ಕ ಇಲ್ಲ, ಆಮೇಲೆ ತಡದ ಶುಲ್ಕ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಅಧಿಕಾರ ಇರುವ ಅಧಿಕಾರಿಯ ಆದೇಶವೇ ಬೇಕು, ಅಲ್ಲಿಗೆ ಹೋಗುವ ಪರಿಸ್ಥಿತಿ ತಂದುಕೊಳ್ಳಬೇಡಿ. ಹೆಸರಿಗೆ ಅವಸರ ಇಲ್ಲ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಅಷ್ಟರೊಳಗೆ ಎರಡು ಮನೆಯವರೂ ಒಪ್ಪುತ್ತಾರೆ ಅಂದುಕೊಳ್ಳೋಣ. ಕಾಗುಣಿತ ಮಾತ್ರ ಕನ್ನಡ, ಇಂಗ್ಲಿಷ್ ಎರಡರಲ್ಲೂ ನೋಡಿ ಕೊಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನ್ಮದಿನಾಂಕಕ್ಕೆ ಈ ಪತ್ರವೇ ಆಧಾರ.

ಅರ್ಜಿ ಕೊಟ್ಟಾಗ ಸಕಾಲ (ಸರ್ಕಾರಿ ಸೇವೆ ಗಡುವಿನೊಳಗೆ ಕೊಡಬೇಕು ಅನ್ನುವ ವ್ಯವಸ್ಥೆ) ಸ್ವೀಕೃತಿ ಕೇಳಿ, 15 ಅಂಕಿಯ ನಂಬರ್ ಇರುತ್ತದೆ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಆ 500ಕ್ಕಾಗಿ ಯಾರೂ ಹೋಗುವುದಿಲ್ಲ. ಆದರೆ ಕೌಂಟರ್‌ನಲ್ಲಿ ಸಕಾಲ ನಂಬರ್ ಹೇಳಿ ಮಾತಾಡಿದರೆ ಬರುವ ಉತ್ತರವೇ ಬೇರೆ.

ಮಹದೇವಪುರ ಟ್ಯಾಂಕರ್ (ಸೆಪ್ಟೆಂಬರ್ 2025)

ಹಳೆಯ ಚರ್ಚೆ ಮೇಲೆತ್ತುತ್ತಿದ್ದೇನೆ. ಈಗ ಬಿಬಿಎಂಪಿಯೇ ಇಲ್ಲವಲ್ಲ! ಸೆಪ್ಟೆಂಬರ್ 2ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ. ನಾನು ಏಪ್ರಿಲ್‌ನಲ್ಲಿ ಕಟ್ಟಿದ ತೆರಿಗೆ ಏನಾಯಿತು? ಹೊಸ ಪಾಲಿಕೆಗೆ ಮತ್ತೆ ಕಟ್ಟಬೇಕಾ? ಸುಮ್ನೆ ಭಯ ಹುಟ್ಟಿಸುವ ಫಾರ್ವರ್ಡ್‌ಗಳು ಬರುತ್ತಿವೆ.

ಪಿಂಚಣಿ ಅಂಕಲ್

ಮತ್ತೆ ಕಟ್ಟಬೇಕಾಗಿಲ್ಲ. ಆ ವರ್ಷದ ತೆರಿಗೆ ಕಟ್ಟಿದ್ದೀರಿ, ರಸೀದಿ ಇದೆ, ಮುಗಿಯಿತು. ಪಾಲಿಕೆ ಒಡೆದರೂ ನಿಮ್ಮ ಆಸ್ತಿಯ ಲೆಕ್ಕ ಹೊಸ ಪಾಲಿಕೆಗೆ ಹೋಗುತ್ತದೆ ಅಷ್ಟೇ. ಬದಲಾಗುವುದು ಕಚೇರಿಯ ಬೋರ್ಡು. ಯಾರಾದರೂ ಫೋನ್ ಮಾಡಿ "ಹೊಸ ಪಾಲಿಕೆಗೆ ನೋಂದಣಿ ಶುಲ್ಕ ಕಟ್ಟಿ" ಅಂತ ಲಿಂಕ್ ಕಳಿಸಿದರೆ ಒತ್ತಬೇಡಿ, ಒಟಿಪಿ ಹೇಳಬೇಡಿ.

ನನಗೆ ಬೇಜಾರು ಬೇರೆ ವಿಷಯಕ್ಕೆ. ಕೊನೆಯ ಬಿಬಿಎಂಪಿ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ಗೆ ಅವರ ಅವಧಿ ಮುಗಿಯಿತು. ಐದು ವರ್ಷದಿಂದ ವಾರ್ಡಿಗೆ ಕಾರ್ಪೊರೇಟರ್ ಇಲ್ಲ. ಕಸದ ಶುಲ್ಕ ಬಂದದ್ದೂ ಈ ಅವಧಿಯಲ್ಲೇ. ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತು "ನಮ್ಮ ವಾರ್ಡಿನಲ್ಲಿ ಆಟೋ ಬರುತ್ತಿಲ್ಲ, ಶುಲ್ಕ ಹೇಗೆ ಹಾಕುತ್ತೀರಿ?" ಅಂತ ಕೇಳುವವರೇ ಇರಲಿಲ್ಲ. ಕಾರ್ಪೊರೇಟರ್‌ಗಳೆಲ್ಲ ದೇವರು ಅಂತ ನಾನು ಹೇಳುತ್ತಿಲ್ಲ. ಬೆಳಗ್ಗೆ ಅವರ ಮನೆ ಬಾಗಿಲಿಗೆ ಹೋಗಿ ಬೈಯಬಹುದಿತ್ತು, ಅಷ್ಟಾದರೂ ಇತ್ತು.

ಗೇಟೆಡ್ ಗಿರಾಕಿ

ನಮ್ಮ ಸಂಘದ ಪತ್ರಕ್ಕೆ ಸ್ವೀಕೃತಿ ಮುದ್ರೆ ಸಿಕ್ಕಿತು. ಉತ್ತರ ಸಿಕ್ಕಿಲ್ಲ. ಈಗ ಮಾಹಿತಿ ಹಕ್ಕಿನಲ್ಲಿ ಕೇಳಿದ್ದೇವೆ: ನಮ್ಮ ರಸ್ತೆಯಿಂದ ಎಷ್ಟು ಶುಲ್ಕ ವಸೂಲಾಯಿತು, ಎಷ್ಟು ಗಾಡಿ ಓಡುತ್ತಿದೆ ಅಂತ. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ.

ಬೇಜಾರ್ ಬಸವನಗುಡಿ

ಸಾರ್, ಆ ಅರ್ಜಿಯ ಪ್ರತಿ ಇಲ್ಲಿ ಹಾಕಿ. ಹೆಸರು, ವಿಳಾಸ ಅಳಿಸಿ ಹಾಕಿ. ನಮ್ಮ ರಸ್ತೆಗೂ ಅದೇ ಮಾದರಿಯಲ್ಲಿ ಒಂದು ಹಾಕುತ್ತೇನೆ.

ಗೇಟೆಡ್ ಗಿರಾಕಿ

ಸಂಜೆ ಹಾಕುತ್ತೇನೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಿ, ಪ್ರಶ್ನೆ ಚಿಕ್ಕದಾಗಿರಲಿ. "ಯಾಕೆ ಆಟೋ ಬರುತ್ತಿಲ್ಲ?" ಅಂತ ಬರೆಯಬೇಡಿ, ಅದಕ್ಕೆ ಉತ್ತರ ಕೊಡದೆ ಜಾರಿಕೊಳ್ಳುತ್ತಾರೆ. "ಆಟೋ ಬಂದ ದಿನಗಳ ಹಾಜರಿ ಪುಸ್ತಕದ ಪ್ರತಿ ಕೊಡಿ" ಅಂತ ಬರೆಯಿರಿ.